ಎಡಗೈಯ ಹೊಸೆತ

ಕಟಿಂಗ್ ಪ್ಲೇಯರ್ ಒಂದೇ ಸಲ ಕಚ್ಚಿತು. ಸೀಸದ ಸೀಲು ತಂತಿ ಸಮೇತ ಕಳಚಿಕೊಂಡು ಫ್ಯೂಸಪ್ಪನ ಬಲ ಅಂಗೈಗೆ ಬಿತ್ತು. ಅದು ಬೀಳುವ ಮೊದಲೇ ಅಂಗೈ ಅಲ್ಲಿ ಬಂದು ಕಾದಿತ್ತು. ಮೂವತ್ತನಾಲ್ಕು ವರ್ಷದ ಅಭ್ಯಾಸ. ನಿವೃತ್ತಿಯಾಯಿತು ಅಂತ ಕೈಗೆ ಯಾರು ಹೇಳಬೇಕು? ಸೀಲನ್ನು ಜಾಕೆಟ್ಟಿನ ಜೇಬಿಗೆ ಇಳಿಸಿ, ಎಡಗೈಯ ಪ್ಲೇಯರನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಉಕ್ಕಿನ ಬಾಗಿಲನ್ನು ಎರಡೂ ಕೈಯಿಂದ ಎಳೆದ.

ಒಳಗೆ ಹದಿನಾರು ಮನೆಯ ಮೀಟರುಗಳು ಸಾಲಾಗಿ ಕೂತಿದ್ದವು. ಬಾಗಿಲ ಹೊರಗಡೆ ಕೆಂಪು ಮಿಂಚಿನ ಗುರುತು, ಅದರ ಕೆಳಗೆ ಆ ದೇಶದ ಅಕ್ಷರದಲ್ಲಿ ನಾಲ್ಕು ಸಾಲು, ಒಂದು ಫೋನ್ ನಂಬರು. ಓದಲು ಬಾರದಿದ್ದರೂ ಅರ್ಥವಾಗದ ಸಂಗತಿ ಏನಲ್ಲ ಅದು. ಅಂಥ ಬೋರ್ಡುಗಳನ್ನು ತಾನೇ ಏಣಿ ಹತ್ತಿ ಎಷ್ಟು ಕಡೆ ಬಡಿದಿದ್ದನೋ, ಲೆಕ್ಕವಿಟ್ಟವರಿಲ್ಲ. ಆದರೆ ಅದೆಲ್ಲ ಜನಕ್ಕೆ. ಇಲಾಖೆಯವನಿಗೂ ಯಾರಾದರೂ ಬೋರ್ಡು ಬರೆಯುತ್ತಾರೆಯೇ?

ಹಾಗೆ ನೋಡಿದರೆ ಎಲ್ಲಕ್ಕೂ ಮೂಲ ಒಂದು ಬಕೆಟ್ ನೀರು. ತಲೆಯ ಮೇಲೆ ಸೋರುವ ಷವರಿನ ಕೆಳಗೆ ನಿಂತು ಹದಿನೈದು ದಿನ ಸ್ನಾನ ಮಾಡಿದ ಮೇಲೆ ಫ್ಯೂಸಪ್ಪನಿಗೆ ತಡೆಯಲಾಗಲಿಲ್ಲ. ಆ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ, ಊರಿನಿಂದ ಪಂಚೆಯಲ್ಲಿ ಸುತ್ತಿ ತಂದಿದ್ದ ನೀರು ಕಾಯಿಸುವ ಕಾಯಿಲನ್ನು ಬಕೆಟ್ಟಿಗೆ ಬಿಟ್ಟು ಸ್ವಿಚ್ಚು ಒತ್ತಿದ. ಫಟ್! ಮನೆಯ ಕರೆಂಟೆಲ್ಲ ಹೋಯಿತು. ಒಳಗಿನ ಬೋರ್ಡಿನಲ್ಲಿ ಬಿದ್ದ ಸ್ವಿಚ್ಚನ್ನು ಎತ್ತಿದರೂ ಬರಲಿಲ್ಲ. ಅಂದರೆ ಕೆಳಗಿನ ಮೇನೇ ಬಿದ್ದಿದೆ. ಅಳಿಯನಿಗೆ ಫೋನ್ ಮಾಡಬಹುದಿತ್ತು. ಮಾಡುವುದಕ್ಕಿಂತ ಕತ್ತಲಲ್ಲಿ ಕೂರುವುದೇ ವಾಸಿ. ಮೂಳೆ ಕೊರೆಯುವ ಚಳಿಯಲ್ಲಿ ಬಾಗಿಲ ಹಿಂದೆ ತೂಗುತ್ತಿದ್ದ ಅಳಿಯನ ಹಳೆಯ ಕೆಲಸದ ಜಾಕೆಟ್ಟು ಏರಿಸಿ, ಅದರ ಟೊಪ್ಪಿಗೆಯನ್ನೂ ಹಣೆಯವರೆಗೆ ಎಳೆದುಕೊಂಡು, ಟ್ರಂಕಿನಿಂದ ತನ್ನ ಪ್ಲೇಯರ್, ಟೆಸ್ಟರ್ ತೆಗೆದುಕೊಂಡು ಮೂರು ಮಹಡಿ ಇಳಿದು ಬಂದಿದ್ದ.

ಮೇನನ್ನು ಎತ್ತಿದ. ಅಲ್ಲಿಗೆ ಬಾಗಿಲು ಮುಚ್ಚಿ ಬಂದಿದ್ದರೆ ಆಗುತ್ತಿತ್ತು. ಆದರೆ ಕಣ್ಣು ಕೆಟ್ಟದ್ದು. ಮಗಳ ಮನೆಯ ಮೀಟರಿನ ಕೆಳಗೆ ಒಂದು ತಂತಿಯ ತುದಿ ಸಡಿಲಾಗಿ, ಕರಿಹಿಡಿದು, ಸುತ್ತಲಿನ ಪ್ಲಾಸ್ಟಿಕ್ಕು ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. "ಅಯ್ಯೋ ಮುಂಡೇವಾ, ಇದನ್ನ ನೋಡೋರು ಯಾರೂ ಇಲ್ವೇನ್ರೋ?" ಅಂದ ಫ್ಯೂಸಪ್ಪ, ಬರಿಯ ಮೊಗಸಾಲೆಗೆ. ಮೇನನ್ನು ಮತ್ತೆ ಇಳಿಸಿ, ಸುಟ್ಟ ತುದಿ ಕತ್ತರಿಸಿ, ಹೊಸ ಎಳೆ ಬಿಡಿಸಿ, ಎಡಗೈಯಿಂದ ಹೊಸೆದು, ತುದಿಯನ್ನು ಒಳಕ್ಕೆ ಮಡಚಿ, ಸ್ಕ್ರೂ ಬಿಗಿದ. ಐದು ನಿಮಿಷದ ಕೆಲಸ. ಮೆಟ್ಟಿಲು ಹತ್ತುವಾಗ ಸಣ್ಣಗೆ ಶಿಳ್ಳೆ ಹಾಕುತ್ತಿದ್ದ. ಈ ದೇಶಕ್ಕೆ ಬಂದ ಮೇಲೆ ಅವನು ಮನುಷ್ಯನ ಹಾಗೆ ಉಸಿರಾಡಿದ್ದು ಆ ಐದು ನಿಮಿಷವೇ.

ಊರಿನಲ್ಲಿ ಅವನು ಲೈನ್‌ಮನ್. ಬಿಲ್ಲು ಕಟ್ಟದವರ ಮನೆಯ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಹೊರಟರೆ ಹಿಂದೆ ತಿರುಗಿ ನೋಡುತ್ತಿರಲಿಲ್ಲವಾದ್ದರಿಂದ ಫ್ಯೂಸಪ್ಪ. ಮೊದಲು ಬೆನ್ನ ಹಿಂದೆ ಕರೆದರು, ಆಮೇಲೆ ಎದುರಿಗೇ ಕರೆದರು, ಕೊನೆಗೆ ಅವನೂ ಒಪ್ಪಿಕೊಂಡ. ಮೀಟರಿನ ಸೀಲು ಮುರಿದವರನ್ನು ಹಿಡಿಯುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಸಿಕ್ಕಿಬಿದ್ದವರೆಲ್ಲ "ಗೊತ್ತಿರಲಿಲ್ಲ ಸ್ವಾಮಿ" ಅಂತ ಕೈಮುಗಿದರೆ ಅವನದು ಒಂದೇ ಉತ್ತರ: "ಗೊತ್ತಿರಲಿಲ್ಲ ಅನ್ನೋದು ಗೊತ್ತಿರೋರ ಮಾತು."

ಆ ಮಾತು ಅಳಿಯನಿಗೂ ಬಿದ್ದಿತ್ತು, ಅಳಿಯನಾಗುವ ಮುಂಚೆ. ಆಗ ಅವನು ಪ್ರೈವೇಟ್ ವೈರ್‌ಮನ್, ಮೀಸೆ ಸರಿಯಾಗಿ ಚಿಗುರದ ಹುಡುಗ. ಒಂದು ಹೊಸ ಮನೆಗೆ ವೈರಿಂಗ್ ಮಾಡಿದ್ದ. ಕನೆಕ್ಷನ್ ಕೊಡಲು ಬಂದ ಫ್ಯೂಸಪ್ಪ, ಅರ್ತಿಂಗ್ ಇಲ್ಲ ಅಂತ ಮೂರು ಕೋಣೆಯ ತಂತಿಯನ್ನು ಮನೆಯವರ ಮುಂದೆ, ಬಡಗಿ ಗಾರೆಯವರ ಮುಂದೆ, ಗೋಡೆಯಿಂದ ಕಿತ್ತು ಅಂಗಳಕ್ಕೆಸೆದಿದ್ದ. "ಹೊಸ ರೂಲ್ಸು ಸಾರ್, ಗೊತ್ತಿರಲಿಲ್ಲ" ಎಂದಿದ್ದ ಹುಡುಗ. ಅವನಿಗೆ ಸಿಕ್ಕ ಉತ್ತರ ಅದೇ. ಎರಡು ವರ್ಷವಾದ ಮೇಲೆ ಅದೇ ಹುಡುಗನ ಕೈ ಹಿಡಿದುಕೊಂಡು ಫ್ಯೂಸಪ್ಪನ ಒಬ್ಬಳೇ ಮಗಳು ಬಾಗಿಲಲ್ಲಿ ನಿಂತಳು. ಅಂದಿನಿಂದ ಮಾವ ಅಳಿಯಂದು ಎಣ್ಣೆ ಸೀಗೆಕಾಯಿ ಸಂಬಂಧ.

ಹೆಂಡತಿ ಬದುಕಿದ್ದರೆ ಅವನು ಈ ದೇಶದ ದಿಕ್ಕಿಗೆ ತಲೆಯಿಟ್ಟೂ ಮಲಗುತ್ತಿರಲಿಲ್ಲ. ಅವಳು ಹೋಗುವ ಮೂರು ದಿನ ಮುಂಚೆ ಕೈ ಹಿಡಿದು ಕೇಳಿದ್ದು ಒಂದೇ: "ಅವಳಿಗೆ ಹೆರಿಗೆ ಅಂತಾದ್ರೆ ನನ್ನ ಜಾಗದಲ್ಲಿ ನೀವಿರ್ಬೇಕು. ಆ ಹುಡುಗನ ಮೇಲಿನ ಸಿಟ್ಟು ಮಗಳ ಮೇಲೆ ಬೇಡ." ಈಗ ಮಗಳಿಗೆ ಏಳು ತಿಂಗಳು. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ನಿಂತೇ ಕೆಲಸ, ಕಾಲು ಊದಿಕೊಂಡು ಬರುತ್ತಾಳೆ. ಫ್ಯೂಸಪ್ಪನ ಟ್ರಂಕಿನ ತಳದಲ್ಲಿ ಹೆಂಡತಿಯ ಹಳೆಯ ಹತ್ತಿ ಸೀರೆಗಳು, ಮಗುವಿಗೆ ಮೆತ್ತಗಿರಲಿ ಅಂತ ಅವಳೇ ಹರಿದು ಮಡಚಿಟ್ಟು ಹೋದ ತುಂಡುಗಳು, ಇವೆ. ಆರು ತಿಂಗಳ ವೀಸಾ. ಹೆರಿಗೆ ಮುಗಿಸಿಕೊಂಡೇ ಹೋಗುವುದು ಅಂತ.

ಬಂದ ದಿನವೇ ಅಳಿಯ ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿದ್ದ. ಒಂಬತ್ತು ನಿಯಮ. ರಸ್ತೆಯನ್ನು ದೀಪ ನೋಡಿಯೇ ದಾಟುವುದು. ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಕೂಗಾಡಬಾರದು. ಬೇರೆಯವರ ಮಕ್ಕಳನ್ನು ಮುಟ್ಟಿ ಮಾತಾಡಿಸಬಾರದು. ಕಸ ಮೂರು ಡಬ್ಬಿ, ಮೂರು ಬಣ್ಣ. ಊರಿನ ಕರೆಂಟು ಸಾಮಾನು ಇಲ್ಲಿ ಹಾಕಬಾರದು. ಹೀಗೇ. ಓದಿದ ಫ್ಯೂಸಪ್ಪ ಮಗಳಿಗೆ ಹೇಳಿದ್ದ: "ನಿನ್ನ ಗಂಡನಿಗೆ ಹೇಳು, ನಾನು ಹಟ್ಟಿಯಿಂದ ಬಿಟ್ಟ ದನ ಅಲ್ಲ ಅಂತ." ಎರಡಡಿ ದೂರದಲ್ಲಿ ಕೂತು ಊಟ ಮಾಡುತ್ತಿದ್ದ ಅಳಿಯ ತಲೆ ಎತ್ತದೆ, "ನಿಮ್ಮಪ್ಪನಿಗೆ ಹೇಳು, ದನಕ್ಕಾದ್ರೆ ನಾನು ಬರೀತಿರ್ಲಿಲ್ಲ, ಕಟ್ಟಿ ಹಾಕ್ತಿದ್ದೆ ಅಂತ" ಎಂದಿದ್ದ. ಹದಿನೈದು ದಿನವೂ ಹೀಗೆಯೇ ನಡೆದಿತ್ತು. ಒಂದೇ ಮೇಜು, ಒಂದೇ ಸಾರು, ಮಾತು ಮಾತ್ರ ಮಗಳ ಮೂಲಕ.

ಸಂಜೆ ಆರಕ್ಕೆ ಬಾಗಿಲು ಬಡಿಯಿತು. ವಿದ್ಯುತ್ ಕಂಪನಿಯ ಇಬ್ಬರು, ಒಬ್ಬನ ಕೈಯಲ್ಲಿ ಫೋಟೋ. ಕೆಳಗಿನ ಪೆಟ್ಟಿಗೆಯ ಬಾಗಿಲು ತೆರೆದ ಕೂಡಲೇ ಅವರ ಆಫೀಸಿನಲ್ಲಿ ಗಂಟೆ ಹೊಡೆಯುತ್ತದಂತೆ. ಮೊಗಸಾಲೆಯ ಮೂಲೆಯಲ್ಲಿ ಕ್ಯಾಮರಾ ಬೇರೆ ಇದೆಯಂತೆ. ಅಳಿಯ ಆಗತಾನೇ ಬಂದು ಶೂ ಬಿಚ್ಚುತ್ತಿದ್ದ. ಅವರ ಮಾತು ಕೇಳಿ, ತನಗೆ ಏನೂ ತಿಳಿಯದು ಎಂಬಂತೆ ಕೈಯಾಡಿಸಿ, ಕೆಳಗೆ ಹೋಗಿ ನೋಡೋಣ ಅಂತ ಬಾಗಿಲ ಹಿಂದಿನ ಹಳೆಯ ಜಾಕೆಟ್ಟು ಹಾಕಿಕೊಂಡ. ಕೀ ಇಡಲು ಜೇಬಿಗೆ ಕೈ ಹಾಕಿದವನು ಕೈಗೆ ಏನೋ ತಗುಲಿ ಹೊರಗೆ ತೆಗೆದ. ಕತ್ತರಿಸಿದ ಸೀಲು. ಬಂದವರು ಸೀಲನ್ನು ನೋಡಿದರು, ಜಾಕೆಟ್ಟಿನ ಬೆನ್ನಿಗೆ ಬರೆದಿದ್ದ ಅಕ್ಷರವನ್ನು ನೋಡಿದರು, ಫೋಟೋದಲ್ಲಿದ್ದ ಬೆನ್ನನ್ನು ನೋಡಿದರು. ಒಂದು ಚೀಟಿ ಬರೆದು ಕೊಟ್ಟು, ಸೀಲನ್ನು ಸಣ್ಣ ಲಕೋಟೆಗೆ ಹಾಕಿಕೊಂಡು ಹೊರಟುಹೋದರು.

ಬಾಗಿಲು ಮುಚ್ಚಿತು. ಅಳಿಯ ಫ್ಯೂಸಪ್ಪನ ಕಡೆ ತಿರುಗದೆ, ಆಗಲೇ ಕೆಲಸದಿಂದ ಬಂದಿದ್ದ ಹೆಂಡತಿಗೆ ಹೇಳಿದ.

"ನಿಮ್ಮಪ್ಪನ್ನ ಕೇಳು, ಇದನ್ನ ಯಾಕೆ ಮಾಡಿದ್ರು ಅಂತ."

"ಮೇನ್ ಬಿದ್ದಿತ್ತು. ಎತ್ತಿದೆ," ಎಂದ ಫ್ಯೂಸಪ್ಪ. "ಅಲ್ಲಿ ತಂತಿ ಸುಟ್ಟಿತ್ತು, ಅದನ್ನೂ ಸರಿ ಮಾಡ್ದೆ. ಬೆಂಕಿ ಬೀಳೋದು ತಪ್ತು. ನಿನ್ನ ಗಂಡನಿಗೆ ಹೇಳು, ಅವರು ಬಂದು ನಂಗೆ ಹಾರ ಹಾಕ್ಬೇಕು ಅಂತ."

"ಹಾರ! ನಿಮ್ಮಪ್ಪನಿಗೆ ಹೇಳು, ಐದು ವರ್ಷದಿಂದ ನಾನಿಲ್ಲಿ ಹೆಲ್ಪರ್ ಅಂತ ಕೆಲಸ ಮಾಡ್ತಿರೋದು ಯಾತಕ್ಕೆ ಅಂತ. ಪರೀಕ್ಷೆ ಪಾಸಾಗಿದೆ. ಲೈಸೆನ್ಸಿನ ಕಾಗದ ಈ ತಿಂಗಳು ಬರ್ಬೇಕು. ಲೈಸೆನ್ಸ್ ಇಲ್ದೆ ಇರೋನು ಸೀಲ್ ಮುಟ್ಟಿದ ಅಂದ್ರೆ ಅರ್ಜಿ ಕಸದ ಬುಟ್ಟಿಗೆ. ಲೈಸೆನ್ಸ್ ಇಲ್ಲ ಅಂದ್ರೆ ಇಲ್ಲಿರೋಕೆ ಪರ್ಮಿಷನ್ನೂ ಇಲ್ಲ. ಗಂಟುಮೂಟೆ ಕಟ್ಟಿ, ಈ ಹೊಟ್ಟೆ ಹೊತ್ಕೊಂಡು..."

"ನಿಲ್ಲಿಸ್ತೀರಾ ಇಬ್ರೂ?" ಮಗಳು ಚೀರಿದಳು. "ನಿಮ್ಮಪ್ಪನಿಗೆ ಹೇಳು, ನಿನ್ನ ಗಂಡನಿಗೆ ಹೇಳು! ನಾನೇನು ಮಧ್ಯೆ ಎಳೆದಿರೋ ತಂತಿನಾ? ಎದುರೆದುರು ಕೂತು ಬೈದಾಡ್ಕೊಂಡು ಸಾಯಿರಿ, ನನ್ನ ಬಿಟ್ಬಿಡಿ!" ಸೋಫಾದ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡಳು.

"ಅವನು ಮಧ್ಯಾಹ್ನ ಕೆಲಸದಲ್ಲಿದ್ದ ಅಂತ ಅವನ ಜೊತೆಯೋರು ಹೇಳೋದಿಲ್ವಾ?" ಅಂತ ಫ್ಯೂಸಪ್ಪ ನೆಲಕ್ಕೆ ಕೇಳಿದ.

ಮಗಳೇ ಹೇಳಿದಳು. ಬೆಳಗಿನ ಪಾಳಿ ಒಂದು ಗಂಟೆಗೇ ಮುಗಿಯುತ್ತದೆ. ಅಪ್ಪ ಬಂದಾಗಿನಿಂದ ಅವಳ ಗಂಡ ಮನೆಗೆ ಬಾರದೆ ಸಂಜೆಯವರೆಗೆ ಪಾರ್ಕಿನಲ್ಲಿ, ಚಳಿಯಲ್ಲಿ, ಒಬ್ಬನೇ ಬೆಂಚಿನ ಮೇಲೆ ಕೂತಿರುತ್ತಾನೆ. ನೋಡಿದವರು ಯಾರೂ ಇಲ್ಲ. ಫ್ಯೂಸಪ್ಪನಿಗೆ ಇದು ಗೊತ್ತಿರಲಿಲ್ಲ. ನನ್ನ ಮುಖ ನೋಡಬಾರದು ಅಂತ ಅವನು ಬೆಂಚು ಹುಡುಕಿಕೊಂಡ; ನಾನು ಫೋನು ಮಾಡಬಾರದು ಅಂತ ಪ್ಲೇಯರು ಹುಡುಕಿಕೊಂಡೆ ಎಂದುಕೊಂಡ. ಅದರಲ್ಲಿ ಯಾರದ್ದು ಹೆಚ್ಚು ಮೂರ್ಖತನ ಅಂತ ತೀರ್ಮಾನಿಸಲು ಆಗಲಿಲ್ಲ.

ವಿಚಾರಣೆ ನಾಳಿದ್ದು ಬೆಳಗ್ಗೆ ಹತ್ತಕ್ಕೆ. ನಡುವಿನ ಒಂದು ದಿನ ಅಳಿಯ ರಜೆ ಹಾಕಿ ಯಾರು ಯಾರಿಗೋ ಫೋನು ಮಾಡಿ ವಿಚಾರಿಸಿದ. ಒಂದು ದಾರಿ ಇತ್ತು. ಕರೆಂಟಿನ ಗಂಧವೇ ಇಲ್ಲದ, ಹೊರಗಿನಿಂದ ಬಂದ ಮುದುಕ ತಿಳಿಯದೆ ಮಾಡಿದ್ದು ಅಂದರೆ ಒಂದು ಎಚ್ಚರಿಕೆಯ ಕಾಗದಕ್ಕೆ ಮುಗಿಯುತ್ತದೆ. ಕೆಲಸ ಬಲ್ಲವನು ಬೇಕೆಂದೇ ಸೀಲು ಕತ್ತರಿಸಿದ ಅಂತಾದರೆ ಬೇರೆ ಕಥೆ: ಅವನನ್ನು ವಾಪಸು ಕಳಿಸುತ್ತಾರೆ, ಐದು ವರ್ಷ ಈ ಕಡೆ ತಲೆ ಹಾಕುವಂತಿಲ್ಲ. ಸಂಜೆ ಇದನ್ನೆಲ್ಲ ಫ್ರಿಜ್ಜಿಗೆ ಮುಖ ಮಾಡಿಕೊಂಡು ಹೇಳಿದ.

"ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು. ಗುಮಾಸ್ತ ಆಗಿದ್ದೆ ಅನ್ಲಿ. ಕರೆಂಟಿನ ವಿಷಯ ಏನೂ ಗೊತ್ತಿಲ್ಲ, ಬಾಗಿಲು ಎಳೆದೆ, ಏನೋ ಕಿತ್ತುಬಂತು, ಸ್ವಿಚ್ಚು ಎತ್ತಿದೆ ಅನ್ಲಿ. ಅದಕ್ಕಿಂತ ಒಂದಕ್ಷರ ಹೆಚ್ಚು ಬೇಡ."

"ಕರೆಂಟು ಗೊತ್ತಿಲ್ಲ ಅಂತ? ನಾನು?" ಫ್ಯೂಸಪ್ಪನ ಗಂಟಲು ಏರಿತು. "ಕಂಬದ ಮೇಲೆ ಕೂದಲು ಬೆಳ್ಳಗಾಗಿರೋದು ಕಣಮ್ಮಾ ಇದು!"

"ಗೊತ್ತಿರಲಿಲ್ಲ ಅನ್ನೋದು ಗೊತ್ತಿರೋರ ಮಾತು," ಎಂದ ಅಳಿಯ, ಒಂದೊಂದೇ ಪದ ಬಿಡಿಸಿ. ಎಂಟು ವರ್ಷ ಜೋಪಾನ ಮಾಡಿ ಇಟ್ಟುಕೊಂಡಿದ್ದ ಮಾತು ಅದು. "ನಂಗೆ ಹೇಳಿದ್ರಲ್ಲ ಅವತ್ತು, ಅಷ್ಟು ಜನರ ಮುಂದೆ. ಈಗ ಅವರೇ ಹೇಳ್ಲಿ. ನಾಲಿಗೆ ತಿರುಗುತ್ತೋ ಇಲ್ವೋ ನೋಡೋಣ."

ಎರಡೇಟು ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಫ್ಯೂಸಪ್ಪ ಎದ್ದು ನಿಂತ. ಆಗ ಮಗಳು ಅವನ ಕೈ ಹಿಡಿದಳು. ಒಗೆಯುವ ಸೋಪಿನಿಂದ ಬಿರಿದ ಕೈ. "ಹೇಳಪ್ಪಾ. ನಂಗೋಸ್ಕರ. ಹೆರಿಗೆಗೆ ನೀನಿರ್ಬೇಕು ನಂಗೆ." ಅವನು ಸ್ನಾನದ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡ. ಕನ್ನಡಿಯ ಮುಂದೆ ನಿಂತು, "ಗೊತ್ತಿರಲಿಲ್ಲ," ಅಂದ. ಇನ್ನೊಮ್ಮೆ ಅಂದ. ಮೂರನೆಯ ಸಲಕ್ಕೆ ಕನ್ನಡಿಯೊಳಗಿನವನು ಒಬ್ಬ ಪಕ್ಕಾ ಮೀಟರ್ ಕಳ್ಳನ ಹಾಗೆ ಕಂಡ.

ಸರ್ಕಾರದ ವಿದ್ಯುತ್ ತಪಾಸಣಾ ಕಚೇರಿಯಲ್ಲಿ ಬೂದು ಬಣ್ಣದ ಮೇಜು, ನಾಲ್ಕು ಕುರ್ಚಿ, ಗೋಡೆಗೆ ಒಂದು ಹಲಗೆ. ಹಲಗೆಯ ಮೇಲೆ ಮೀಟರು, ಸ್ವಿಚ್ಚು, ತಂತಿಯ ತುಂಡುಗಳನ್ನು ಮಾದರಿಗೆಂದು ಜೋಡಿಸಿದ್ದರು. ಅಧಿಕಾರಿ ಐವತ್ತರ ಹೆಂಗಸು, ಕೂದಲು ಬಿಗಿಯಾಗಿ ಕಟ್ಟಿ, ಕನ್ನಡಕ ಮೂಗಿನ ತುದಿಗಿಳಿಸಿಕೊಂಡಿದ್ದಳು. ಕೂರಿ ಅಂತ ಕೈ ತೋರಿಸಿದಳೇ ಹೊರತು ಮುಖದಲ್ಲಿ ಒಂದು ನರವೂ ಅಲ್ಲಾಡಲಿಲ್ಲ. ಅಳಿಯ ಮೂಲೆಯ ಕುರ್ಚಿಯಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಬೇಕು ಎಂದಾಯಿತು. ಭಾಷಾಂತರಕ್ಕೆ ಮೇಜಿನ ಮೇಲಿನ ಫೋನಿನಲ್ಲಿ ಒಬ್ಬ ಹುಡುಗಿಯ ದನಿ. ಎಲ್ಲಿ ಕೂತಿದ್ದಾಳೋ, ನಮ್ಮ ಮಾತನ್ನು ಪುಸ್ತಕ ಓದಿದ ಹಾಗೆ ಆಡುತ್ತಿದ್ದಳು.

"ನೀವು ಯಾವ ಕೆಲಸದಲ್ಲಿದ್ದಿರಿ?"

"ಗುಮಾಸ್ತ."

"ವಿದ್ಯುತ್ತಿನ ಕೆಲಸ ನಿಮಗೆ ಗೊತ್ತಿದೆಯೇ?"

"ಇಲ್ಲ. ಗೊತ್ತಿರಲಿಲ್ಲ... ಏನೂ ಗೊತ್ತಿಲ್ಲ. ಬಾಗಿಲು ಎಳೆದೆ, ಕಿತ್ತುಬಂತು. ಸ್ವಿಚ್ಚು ಎತ್ತಿದೆ." ಫ್ಯೂಸಪ್ಪನ ಕಿವಿ ಬಿಸಿಯಾಯಿತು. ಮೂಲೆಯಲ್ಲಿ ಅಳಿಯನ ಕುರ್ಚಿ ಕಿರ್ರೆಂದಿತು.

ಅಧಿಕಾರಿ ಲಕೋಟೆಯಿಂದ ಸೀಲು ತೆಗೆದು ಮೇಜಿನ ಮೇಲಿಟ್ಟಳು. ಅದರ ಪಕ್ಕಕ್ಕೆ ಒಂದು ಫೋಟೋ ಇಟ್ಟಳು: ಮೀಟರಿನ ಕೆಳಗೆ ಹೊಸದಾಗಿ ಬಿಗಿದ ತಂತಿ, ಹತ್ತಿರದಿಂದ ತೆಗೆದದ್ದು. ಬೆರಳಿಟ್ಟು ಒಂದೊಂದೇ ತೋರಿಸುತ್ತ ಹೇಳಿದಳು. ಫೋನಿನ ಹುಡುಗಿ ಹಿಂದೆಯೇ ಬಂದಳು.

"ಈ ಸೀಲು ಕಿತ್ತುಬಂದದ್ದಲ್ಲ. ಗಂಟಿನ ಪಕ್ಕದಲ್ಲೇ, ಒಂದೇ ಏಟಿಗೆ ಕತ್ತರಿಸಿದ್ದು. ಮೇನನ್ನು ಇಳಿಸಿ ಕೆಲಸ ಮಾಡಿದ್ದಾರೆ, ಅದೂ ನಮ್ಮ ಯಂತ್ರದಲ್ಲಿ ದಾಖಲಾಗಿದೆ. ಸುಟ್ಟ ತುದಿಯನ್ನು ತೆಗೆದು, ಎಳೆಗಳನ್ನು ಹೊಸೆದು, ತುದಿ ಮಡಚಿ ಬಿಗಿದಿದ್ದಾರೆ. ಒಂದು ಎಳೆಯೂ ಹೊರಗೆ ಬಂದಿಲ್ಲ. ಇಪ್ಪತ್ತಾರು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾದ ಕೈ ನಾನು ಹೆಚ್ಚು ನೋಡಿಲ್ಲ. ಇದನ್ನು ಒಬ್ಬ ಗುಮಾಸ್ತ ಮಾಡಿದರು ಎಂದು ನಾನು ನಂಬಬೇಕೇ?"

ಫ್ಯೂಸಪ್ಪನ ಎದೆ ಒಂದು ಕ್ಷಣ ಉಬ್ಬಿತು, ಪಾಪ. ಮೂವತ್ತನಾಲ್ಕು ವರ್ಷದಲ್ಲಿ ಇಲಾಖೆಯ ಒಬ್ಬ ಇಂಜಿನಿಯರೂ ಹೇಳದ ಮಾತನ್ನು, ಕತ್ತು ಕೊಯ್ಯಲು ಕೂತವಳ ಬಾಯಿಂದ ಕೇಳಬೇಕಾಗಿ ಬಂತು.

"ಇದು ಬಲ್ಲವರ ಕೈ," ಎಂದಿತು ಫೋನು. "ಆ ಮನೆಯಲ್ಲಿ ಬಲ್ಲವರು ಒಬ್ಬರೇ. ಫೋಟೋದಲ್ಲಿ ಇರುವುದು ಅವರ ಜಾಕೆಟ್ಟು, ಸೀಲು ಸಿಕ್ಕಿದ್ದು ಅವರ ಜೇಬಿನಲ್ಲಿ, ಆ ಹೊತ್ತಿನಲ್ಲಿ ಎಲ್ಲಿದ್ದರು ಎಂಬುದಕ್ಕೆ ಸಾಕ್ಷಿಯಿಲ್ಲ. ಈಗ ಒಬ್ಬ ವಯಸ್ಸಾದವರನ್ನು ಮುಂದೆ ಬಿಟ್ಟು ಸುಳ್ಳನ್ನೂ ಹೇಳಿಸುತ್ತಿದ್ದಾರೆ." ಅಧಿಕಾರಿ ಕೆಳಗಿನ ಖಾನೆ ಎಳೆದು ಒಂದು ನೀಲಿ ಕಡತ ತೆಗೆದಳು. ಅದರ ಮೇಲೆ ಅಳಿಯನ ಫೋಟೋ ಇತ್ತು. ಪೆನ್ನಿನ ಮುಚ್ಚಳ ತೆಗೆದಳು.

ಅಳಿಯ ಅರ್ಧ ಎದ್ದ. ಅಧಿಕಾರಿ ಅವನ ಕಡೆ ನೋಡದೆಯೇ ಬೆರಳೆತ್ತಿದಳು, ಅವನು ಕೂತ. ಅವನ ಮುಖ ಆಗ ಫ್ಯೂಸಪ್ಪನಿಗೆ ಚೆನ್ನಾಗಿ ಗುರುತು ಸಿಕ್ಕಿತು. ಅಂಗಳದಲ್ಲಿ ಬಿದ್ದಿದ್ದ ತಂತಿಯ ರಾಶಿಯ ಪಕ್ಕ ನಿಂತಿದ್ದ ಹುಡುಗನ ಮುಖ. ಅವತ್ತು ಆ ಹುಡುಗ ಹೇಳಿದ್ದು ನಿಜವೇ ಇರಬಹುದು, ಹೊಸ ರೂಲ್ಸು ಅವನಿಗೆ ಗೊತ್ತೇ ಇರಲಿಲ್ಲವೇನೋ ಅಂತ ಎಂಟು ವರ್ಷದಲ್ಲಿ ಮೊದಲ ಸಲ ಫ್ಯೂಸಪ್ಪನಿಗೆ ಅನ್ನಿಸಿತು. ಎದುರಿಗೆ ಪೆನ್ನು ಕಾಗದಕ್ಕೆ ತಾಗುತ್ತಿತ್ತು. ಬಾಯಿ ಬಿಟ್ಟರೆ ಮಗಳ ಹೆರಿಗೆ ಹೋಯಿತು. ಬಿಡದಿದ್ದರೆ ಮಗಳ ಮನೆಯೇ ಹೋಯಿತು.

"ತಡೀರಮ್ಮಾ," ಎಂದ. "ಸುಳ್ಳು ಹೇಳ್ದೆ. ನಾನು ಗುಮಾಸ್ತ ಅಲ್ಲ. ಲೈನ್‌ಮನ್ನು."

ಫೋನಿನ ಹುಡುಗಿ ತಡವರಿಸಿ ಹೇಳಿದಳು. ಅಧಿಕಾರಿಯ ತುಟಿ ಸೊಟ್ಟಗಾಯಿತು. "ಈಗ ನೀವು ಅವರನ್ನು ಉಳಿಸಲು ಹೇಳುತ್ತಿದ್ದೀರಿ."

"ಅವನನ್ನ ಉಳಿಸೋಕೆ ಅವನೇನು ನಂಗೆ ಚಿಕ್ಕಪ್ಪನ ಮಗನೇ? ಅವನ್ನ ಕಂಡ್ರೆ ನಂಗಾಗಲ್ಲ, ನನ್ನ ಕಂಡ್ರೆ ಅವನಿಗಾಗಲ್ಲ, ಕೇಳಿ ಬೇಕಾದ್ರೆ. ಆ ತಂತಿ ಅವನ ಕೈದಲ್ಲ. ಫೋಟೋ ಸರಿಯಾಗಿ ನೋಡಿ. ಎಳೆ ಯಾವ ಕಡೆ ಹೊಸೆದಿದೆ?"

ಅಧಿಕಾರಿ ಫೋಟೋ ಎತ್ತಿಕೊಂಡಳು. ಕನ್ನಡಕ ಮೇಲೇರಿಸಿದಳು. ಫ್ಯೂಸಪ್ಪ ಎದ್ದು ಗೋಡೆಯ ಹಲಗೆಯ ಹತ್ತಿರ ಹೋಗಿ, ಒಂದು ತಂತಿಯ ತುಂಡಿಗೆ ಕೈ ಹಾಕಲು ಹೋದವನು ಅಲ್ಲೇ ನಿಂತ. ತಿರುಗಿ ಕೇಳಿದ: "ಮುಟ್ಟಬಹುದಾ?"

ಅವಳು ತಲೆಯಾಡಿಸಿದಳು. ಮನೆಯಲ್ಲಿರುವ ಉಪಕರಣಗಳನ್ನೆಲ್ಲ ವಿಚಾರಣೆಗೆ ತರಬೇಕೆಂದು ಚೀಟಿಯಲ್ಲಿ ಬರೆದಿದ್ದರಿಂದ ಅವನ ಪ್ಲೇಯರೂ ಮೇಜಿನ ಮೇಲೆಯೇ ಇತ್ತು. ಎಡಗೈಗೆ ತೆಗೆದುಕೊಂಡ. ಹಿಡಿಕೆಯ ಕೆಂಪು ರಬ್ಬರು ಅವನ ಎಡ ಹೆಬ್ಬೆರಳಿನ ಆಕಾರಕ್ಕೆ ಸವೆದಿತ್ತು. ತುದಿ ಕತ್ತರಿಸಿ, ಸಿಪ್ಪೆ ಸುಲಿದು, ಎಳೆ ಬಿಡಿಸಿ, ಹೊಸೆದು, ಮಡಚಿ, ಸ್ಕ್ರೂ ಬಿಗಿದ. ಬಲಗೈಯವರು ಹೊಸೆದರೆ ಒಂದು ಕಡೆ, ಎಡಚರು ಹೊಸೆದರೆ ಅದಕ್ಕೆ ಉಲ್ಟಾ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದಕ್ಕೇ ಮೇಸ್ತ್ರಿಯಿಂದ ಎಷ್ಟೋ ಸಲ ಬೈಸಿಕೊಂಡಿದ್ದ. ತಿದ್ದಿಕೊಳ್ಳಲು ಆಗಿರಲಿಲ್ಲ.

ಅಧಿಕಾರಿ ಬಂದು ಪಕ್ಕದಲ್ಲಿ ನಿಂತು, ಫೋಟೋವನ್ನೂ ಹಲಗೆಯನ್ನೂ ನೋಡಿದಳು. ಅಳಿಯನಿಗೂ ಒಂದು ತುಂಡು ಕೊಟ್ಟು ಮಾಡಿಸಿದಳು. ಅವನ ಎಳೆ ಬಲಕ್ಕೆ ತಿರುಗಿತು, ಫೋಟೋದಲ್ಲಿದ್ದುದಕ್ಕೆ ಉಲ್ಟಾ. ಮೂರನ್ನೂ ಮತ್ತೆ ನೋಡಿದಳು. ಅವಳು ಹೋಗಿ ನೀಲಿ ಕಡತವನ್ನು ಮುಚ್ಚಿ ಖಾನೆಗೆ ಹಾಕಿದಳು. ಫ್ಯೂಸಪ್ಪನ ಮುಂದೆ ಬೇರೆ ಹಾಳೆ ಎಳೆದುಕೊಂಡಳು.

"ಆ ತಂತಿ ಸುಟ್ಟಿತ್ತು, ನಿಜ," ಎಂದಿತು ಫೋನು. "ಅದಕ್ಕೇ ಬಾಗಿಲ ಮೇಲೆ ನಂಬರು ಬರೆದಿದ್ದೇವೆ. ಒಂದು ಗಂಟೆಯಲ್ಲಿ ನಮ್ಮವರು ಬರುತ್ತಿದ್ದರು. ನಿಮ್ಮ ಕೆಲಸ ಚೆನ್ನಾಗಿದೆ. ಇಲ್ಲಿ ಅದನ್ನು ಮಾಡುವ ಹಕ್ಕು ನಿಮಗಿಲ್ಲ. ನಿಮ್ಮ ಊರಿಗೆ ನಾನು ಬಂದು ಹೀಗೆ ಮಾಡಿದ್ದರೆ ನೀವೇನು ಮಾಡುತ್ತಿದ್ದಿರಿ?"

ಫ್ಯೂಸಪ್ಪ ಹೆಚ್ಚು ಯೋಚಿಸಲಿಲ್ಲ. "ಕೇಸು ಬರೀತಿದ್ದೆ. ನಾಲ್ಕು ಜನರ ಮುಂದೆ ಮಾನ ಕಳೀತಿದ್ದೆ."

"ನಾನು ಬರೆಯುವುದು ಮಾತ್ರ ಮಾಡುತ್ತೇನೆ," ಎಂದಳು ಅಧಿಕಾರಿ. ಬರೆದಳು. ಹತ್ತು ದಿನದೊಳಗೆ ದೇಶ ಬಿಡಬೇಕು. ಐದು ವರ್ಷ ಬರುವಂತಿಲ್ಲ. ಮೊದಲು ಸುಳ್ಳು ಹೇಳಿದ್ದನ್ನೂ ಬಿಡದೆ ಬರೆದಳು. ಪ್ಲೇಯರನ್ನು ಲಕೋಟೆಗೆ ಹಾಕಿ, ಅಂಟಿಸಿ, ಅದರ ಮೇಲೆ ಸೀಲು ಒತ್ತಿದಳು. ವಾಪಸು ಸಿಗುವುದಿಲ್ಲವಂತೆ. ಫ್ಯೂಸಪ್ಪ ಸಹಿ ಹಾಕಿದ. ಮೇಜಿನ ಅಂಚಿಗೆ ಕೈ ಊರಿ ಏಳುವಾಗ ಹೆಂಡತಿಯ ಮುಖ ಕಣ್ಣ ಮುಂದೆ ಬಂತು.

ಕಚೇರಿಯ ಮೆಟ್ಟಿಲ ಮೇಲೆ ಅಳಿಯ ನಿಂತ. ಮೊದಲ ಸಲ ನೇರವಾಗಿ ಅವನ ಮುಖಕ್ಕೇ ಮಾತಾಡಿದ.

"ಥ್ಯಾಂಕ್ಸ್ ಅಂತ ನಾನು ಹೇಳಲ್ಲ. ತಪ್ಪು ನಿಮ್ದೇ."

"ಹೇಳು ಅಂತ ಕಾಲಿಗೆ ಬಿದ್ದೋರು ಯಾರು? ಬೇಲೀನೇ ಎದ್ದು ಹೊಲ ಮೇಯ್ತು. ತಪ್ಪು ನಂದೇ," ಎಂದ ಫ್ಯೂಸಪ್ಪ. ನಾಲ್ಕು ಮೆಟ್ಟಿಲು ಇಳಿದು, ಹಿಂದೆ ತಿರುಗದೆ, "ಅವತ್ತು ಆ ಮನೇಲಿ ಅರ್ತಿಂಗ್ ಇರ್ಲಿಲ್ಲ. ಅದು ನಿಜ. ಜನರ ಮುಂದೆ ಕಿತ್ತೆಸೆದದ್ದು ಬೇಡವಾಗಿತ್ತು," ಅಂದ. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು.

ಮಗಳು ಎರಡು ದಿನ ಇಬ್ಬರ ಜೊತೆಯೂ ಮಾತು ಬಿಟ್ಟಳು. ಮೂರನೆಯ ದಿನ ಅಪ್ಪನ ತೋಳಿಗೆ ತಲೆಯಿಟ್ಟು ಗಟ್ಟಿಯಾಗಿ ಅತ್ತಳು. ಎಂಟನೆಯ ದಿನ ಲೈಸೆನ್ಸಿನ ಕಾಗದ ಬಂತು. ಅಳಿಯ ಅದನ್ನು ಯಾರಿಗೂ ತೋರಿಸದೆ ಬೀರುವಿನಲ್ಲಿಟ್ಟ. ಅವಳು ತೆಗೆದು ಅಪ್ಪನ ಕೈಗೆ ಕೊಟ್ಟಳು. ಅವನಿಗೆ ಓದಲು ಬರಲಿಲ್ಲ, ಮೂಲೆಯಲ್ಲಿದ್ದ ಮಿಂಚಿನ ಗುರುತನ್ನು ನೋಡಿ ವಾಪಸು ಕೊಟ್ಟ. ಹೊರಡುವ ದಿನ ಹತ್ತಿ ಸೀರೆಯ ತುಂಡುಗಳನ್ನು ಟ್ರಂಕಿನಿಂದ ತೆಗೆದು ಅವಳ ಮಂಚದ ಮೇಲೆ ಜೋಡಿಸಿದ. ಹೇಗೆ ಮಡಚಬೇಕು, ಎಷ್ಟು ಪದರ ಹಾಕಬೇಕು ಅಂತ ಹೆಂಡತಿ ತನಗೆ ಹೇಳಿಕೊಟ್ಟದ್ದನ್ನು ಅವಳಿಗೆ ಹೇಳಿಕೊಟ್ಟ. ಬಾಗಿಲಲ್ಲಿ ನಿಂತಿದ್ದ ಅಳಿಯನೂ ಕೇಳಿಸಿಕೊಂಡ.

ಟ್ಯಾಕ್ಸಿ ಬಂದಿತ್ತು. ಮಗಳು ಮುಂದೆ ಇಳಿದು ಹೋಗಿ ಕೂತಿದ್ದಳು. ಅಳಿಯ ಟ್ರಂಕು ಹೊತ್ತು ಹಿಂದೆ ಬರುತ್ತಿದ್ದ. ಕೆಳಗಿನ ಮೊಗಸಾಲೆಯಲ್ಲಿ ಫ್ಯೂಸಪ್ಪನ ಕಾಲು ನಿಂತಿತು. ಉಕ್ಕಿನ ಬಾಗಿಲಿಗೆ ಹೊಸ ಸೀಲು ಬಿದ್ದಿತ್ತು. ಹಾಕಿದವನು ಅವಸರದಲ್ಲಿದ್ದಿರಬೇಕು, ತಂತಿಯ ಬಾಲವನ್ನು ಉದ್ದಕ್ಕೆ ಬಿಟ್ಟಿದ್ದ, ಓಡಾಡುವವರ ತೋಳಿಗೆ ಸಿಕ್ಕಿಕೊಳ್ಳುವಂತಿತ್ತು. ಒಂದು ಸಲ ಒಳಕ್ಕೆ ಬಗ್ಗಿಸಿದರೆ ಮುಗಿಯಿತು. ಪ್ಲೇಯರೂ ಬೇಡ, ಬೆರಳು ಸಾಕು. ಎಡಗೈ ತಾನಾಗಿ ಸೊಂಟದೆತ್ತರಕ್ಕೆ ಎದ್ದಿತು. ಫ್ಯೂಸಪ್ಪ ಅದನ್ನು ಬೆನ್ನ ಹಿಂದಕ್ಕೆ ಒಯ್ದು ಬಲಗೈಯಿಂದ ಹಿಡಿದುಕೊಂಡ.

ಅಳಿಯ ಟ್ರಂಕನ್ನು ಕೆಳಗಿಟ್ಟ. ಅವನೂ ಸೀಲನ್ನು ನೋಡಿದ.

"ಬಾಲ ಉದ್ದ ಬಿಟ್ಟಿದ್ದಾರೆ. ಅಲ್ವಾ, ಮಾವ?"

ಆರು ವರ್ಷದಲ್ಲಿ ಆ ಬಾಯಿಂದ ಆ ಪದ ಬಂದಿರಲಿಲ್ಲ. ಫ್ಯೂಸಪ್ಪ ಬಾಗಿಲ ಮೇಲಿನ ನಾಲ್ಕು ಸಾಲನ್ನೂ ಅದರ ಕೆಳಗಿನ ನಂಬರನ್ನೂ ನೋಡಿದ.

"ಅವರ ಸೀಲು," ಎಂದ. "ನಂಬರಿದೆಯಲ್ಲ, ಫೋನ್ ಮಾಡಿ ಹೇಳು."

ಮೊಗಸಾಲೆ ದಾಟಿ, ಅಂಗಳ ದಾಟಿ, ಟ್ಯಾಕ್ಸಿಯವರೆಗೂ ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಹಾಗೇ ಕಟ್ಟಿಕೊಂಡು ನಡೆದ. ಕಾರಿನ ಬಾಗಿಲನ್ನು ಅಳಿಯನೇ ಬಂದು ತೆಗೆಯಬೇಕಾಯಿತು.